ಮುಖದ ಖಾನೆ

ರಾತ್ರಿ ಎರಡು ಗಂಟೆಯ ಹೊತ್ತಿಗೆ ದಿಂಬಿನ ಪಕ್ಕದ ಫೋನು ಟಿಣ್ ಎಂದಿತು. ಬಳೆಯೊಂದು ಹಿತ್ತಾಳೆ ಪಾತ್ರೆಗೆ ತಾಗಿದಷ್ಟೇ ಸಣ್ಣ ಸದ್ದು. ಇನ್ಯಾರಿಗೂ ಅದರಿಂದ ಎಚ್ಚರವಾಗುತ್ತಿರಲಿಲ್ಲ. ನನಗೆ ಆಯಿತು. ಆ ಸದ್ದಿಗೆ ಇರುವುದು ಒಂದೇ ಅರ್ಥ. ನಾನು ಪದ ಆಯ್ದು ಬರೆಸಿದ ಚಿತ್ರವನ್ನು ಹೋಲುವ ಮನುಷ್ಯನೊಬ್ಬ ಎಲ್ಲೋ ಒಂದು ಕ್ಯಾಮೆರಾದ ಮುಂದೆ ಹಾದುಹೋಗಿದ್ದಾನೆ.

ಎದ್ದು ಕೂತು ನೋಡಿದೆ. ಗದಗ ರೈಲು ನಿಲ್ದಾಣದ ಬೆಂಚಿನ ಮೇಲೆ ಒಬ್ಬ ಮುದುಕ. ರುಮಾಲು, ಬಿಳಿ ಮೀಸೆ, ಹಣೆ ತುಂಬ ಸುಕ್ಕು. ಪಕ್ಕದಲ್ಲಿ ಹೆಂಡತಿ, ಇಬ್ಬರು ಮೊಮ್ಮಕ್ಕಳು, ಮೂರು ಚೀಲ, ಒಂದು ನೀರಿನ ಕ್ಯಾನು. ಕಳೆದುಹೋದವರು ಹೀಗೆ ಸಂಸಾರ ಹೂಡಿಕೊಂಡು ಕೂತಿರುವುದಿಲ್ಲ. 'ಅಲ್ಲ' ಎಂದು ಒತ್ತಿ ಮಲಗಿದೆ. ಕಣ್ಣು ಹತ್ತುವಷ್ಟರಲ್ಲಿ ಮತ್ತೆ ಟಿಣ್. ಈ ಸಲ ಕೊಪ್ಪಳ. ಆಮೇಲೆ ಬಾಗಲಕೋಟೆ, ರಾಣೆಬೆನ್ನೂರು, ಮತ್ತೆ ಗದಗ. ಬೆಳಗಿನ ಐದರ ಹೊತ್ತಿಗೆ ಮೂವತ್ತೆಂಟು ಮುದುಕರನ್ನು ನೋಡಿ ಮೂವತ್ತೆಂಟು ಸಲ 'ಅಲ್ಲ' ಎಂದಿದ್ದೆ. ಎಲ್ಲರೂ ನನ್ನ ಚಿತ್ರದ ಹಾಗೆಯೇ ಇದ್ದರು. ನಾವು ಹುಡುಕುತ್ತಿದ್ದ ಬಾಳಪ್ಪ ಎಂಬ ಮನುಷ್ಯ ಮಾತ್ರ ಅವರಲ್ಲಿರಲಿಲ್ಲ.

ತಪ್ಪು ಯಂತ್ರದ್ದಲ್ಲ, ನನ್ನ ಪದಗಳದ್ದು ಎಂದು ಆಗಲೇ ಅನ್ನಿಸಿತ್ತು. ಎಲ್ಲಿ ತಪ್ಪಿದೆ ಎಂದು ಗೊತ್ತಾಗಿರಲಿಲ್ಲ.

ಹುಬ್ಬಳ್ಳಿಯ ಕಾಣೆಯಾದವರ ಚಿತ್ರ ಕೇಂದ್ರದಲ್ಲಿ ನನ್ನದು ಪದ ಆಯ್ಕೆಯ ಕೆಲಸ. ಕನ್ನಡ ಎಂ.ಎ. ಓದಿದವಳಿಗೆ ಇಂಥದೊಂದು ನೌಕರಿ ಸಿಗಬಹುದೆಂದು ಕಾಲೇಜಿನಲ್ಲಿ ಯಾರೂ ಹೇಳಿರಲಿಲ್ಲ. ಮನೆಯವರು ಬಂದು ಕಳೆದುಹೋದವರ ವಿಷಯ ಹೇಳುತ್ತಾರೆ, ಅಳುತ್ತಾರೆ, ಒಬ್ಬರ ಮಾತನ್ನು ಇನ್ನೊಬ್ಬರು ತಿದ್ದುತ್ತಾರೆ. ಆ ಮಾತಿನ ರಾಶಿಯಿಂದ ಹನ್ನೆರಡು ಪದ ಆರಿಸಿ ಯಂತ್ರಕ್ಕೆ ಕೊಡಬೇಕು. ಯಂತ್ರ ಅದರಿಂದ ಒಂದು ಚಿತ್ರ ಬರೆಯುತ್ತದೆ. ಚಿತ್ರ ಹದಿನಾರು ಜಿಲ್ಲೆಗಳ ಬಸ್ ನಿಲ್ದಾಣ, ರೈಲು ನಿಲ್ದಾಣ, ಆಸ್ಪತ್ರೆಯ ಬಾಗಿಲುಗಳಲ್ಲಿರುವ ಕ್ಯಾಮೆರಾಗಳಿಗೆ ಹೋಗುತ್ತದೆ. ಕ್ಯಾಮೆರಾಗಳು ಹೋಲಿಸಿ ನೋಡುತ್ತವೆ. ಹೋಲಿದರೆ ಟಿಣ್.

ಫೋಟೊ ಇದ್ದವರಿಗೆ ಇದೆಲ್ಲ ಬೇಡ. ಆದರೆ ಈಗಲೂ ಸರಿಯಾದ ಫೋಟೊ ಇಲ್ಲದವರು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಮಂದಿ ಇದ್ದಾರೆ.

ಫಕೀರವ್ವ ಬಂದದ್ದು ಹಿಂದಿನ ದಿನ, ಸೋಮವಾರ ಸಂಜೆ. ನಲವತ್ತು ದಾಟಿದ ಹೆಂಗಸು. ತಲೆ ತುಂಬ ಸೆರಗು, ಕಂಕುಳಲ್ಲಿ ಒಂದು ಚೀಲ, ಕೈಯಲ್ಲಿ ಸ್ಟೀಲಿನ ತಂಬಿಗೆ. ನವಲಗುಂದದ ಕಡೆಯ ಹಳ್ಳಿಯಿಂದ ಮಾವ ಬಾಳಪ್ಪನವರನ್ನು ದೊಡ್ಡಾಸ್ಪತ್ರೆಗೆ ತೋರಿಸಲು ಕರೆತಂದಿದ್ದಳು. ಬಸ್ ನಿಲ್ದಾಣದಲ್ಲಿ ತಂಬಿಗೆಗೆ ನೀರು ತುಂಬಿಸಿಕೊಂಡು ಬರುವಷ್ಟರಲ್ಲಿ ಮಾವ ಇರಲಿಲ್ಲ.

"ಮರವಿನ ಬ್ಯಾನಿರಿ ಅವರಿಗೆ," ಎಂದಳು. "ಮನ್ಯಾಗ ನಾವಿಬ್ರ. ನನ್ನ ಗಂಡ ತೀರಿಕೊಂಡು ಆರ ವರ್ಷ ಆತು. ಮಾವನೋರು ತಾವಾಗಿ ಒಂದ ಹನಿ ನೀರ ಕೇಳಂಗಿಲ್ರಿ. ಮುಂದ ತಂಬಿಗಿ ಇಟ್ರ ಕುಡಿತಾರ. ಕೈಯಾಗ ಕೊಟ್ರ ಮಾರಿ ತಿರುವ್ತಾರ. ಈ ಬಿಸಲಾಗ ಯಾರ್ ಇಡ್ತಾರ್ರಿ ಅವರ ಮುಂದ?"

ಮೇ ತಿಂಗಳ ಮೂರನೆಯ ವಾರ. ಹೊರಗೆ ನಲವತ್ತೊಂದು ಡಿಗ್ರಿ ಇತ್ತು. ನಾನು ಗಡಿಯಾರ ನೋಡಿದೆ. ಅವರು ಕಳೆದುಹೋಗಿ ಆಗಲೇ ಆರು ತಾಸಾಗಿತ್ತು.

ಅವಳ ಚೀಲದಲ್ಲಿದ್ದ ಗುರುತಿನ ಚೀಟಿಯ ಫೋಟೊ ಇಪ್ಪತ್ತು ವರ್ಷ ಹಳೆಯದು, ಹೆಬ್ಬೆರಳ ಉಗುರಿನಷ್ಟು. ಕಪ್ಪು ಮೀಸೆಯ ಗಟ್ಟಿ ಮನುಷ್ಯನೊಬ್ಬ ಅದರಲ್ಲಿದ್ದ. ಬ್ಯಾನಿ ಬಿದ್ದ ಮೇಲೆ ಅರ್ಧ ಆಗ್ಯಾರ ಎಂದಳು ಫಕೀರವ್ವ. ಆಮೇಲೆ ಫೋಟೊ ತೆಗೆಸಿಲ್ಲವೇ ಎಂದರೆ, ಯಾರಾದರೂ ಫೋಟೊಕ್ಕೆಂದು ಫೋನು ಎತ್ತಿದರೆ ಮಾವ ಟವಲು ಮುಖಕ್ಕೆ ಹಿಡಿಯುತ್ತಿದ್ದರಂತೆ.

"ಹಂಗಾರ ನೀವ ಹೇಳ್ರಿ," ಎಂದೆ. "ಮೂಗು ಹೆಂಗೈತಿ? ಉದ್ದೋ, ಮೊಂಡೋ?"

ಅವಳು ನೆಲ ನೋಡಿದಳು.

"ಕಣ್ಣು? ಗದ್ದ? ಮಾರಿ ದುಂಡಗೈತೋ, ಕೋಲಗೈತೋ?"

"ನಾ ಹೆಂಗ ಹೇಳ್ಲಿರಿ ಅಕ್ಕಾರ," ಎಂದಳು. "ಮಾವನ ಮಾರಿ ಸೊಸಿ ನೋಡೂ ಪದ್ಧತಿ ನಮ್ಮ ಮನ್ಯಾಗ ಇಲ್ಲ. ಮದಿವಿ ಆಗಿ ಇಪ್ಪತ್ಮೂರ ವರ್ಷ ಆತು. ಅವರ ಎದುರು ನಾ ತಲಿ ಎತ್ತಿಲ್ರಿ."

ಯಂತ್ರ ನಡೆಸುವ ಮೌಲಾಲಿ ಕುರ್ಚಿಯನ್ನು ಅರ್ಧ ತಿರುಗಿಸಿ ನನ್ನನ್ನು ನೋಡಿದ. ನನ್ನ ಜೊತೆ ಮೂರು ವರ್ಷದಿಂದ ಕೆಲಸ ಮಾಡುವವನು. ಎಂಥ ಹೊತ್ತಿನಲ್ಲೂ ನಗೆಮಾತು ಸಿಗುತ್ತದೆ ಅವನಿಗೆ. ಆವತ್ತು ಅವಳ ಓಣಿಯವರ ಫೋನ್ ನಂಬರು ಕೇಳಿದ.

ಅವಳ ಓಣಿಯವರಿಗೆ ಫೋನು ಹಚ್ಚಿದೆವು. ಕಿರಾಣಿ ಅಂಗಡಿಯವನು ಉದ್ದ ಮೂಗು ಎಂದ. ಹಿಟ್ಟಿನ ಗಿರಣಿಯವನು ಮೊಂಡ ಮೂಗು ಎಂದ. ಪಕ್ಕದ ಮನೆಯ ಮುದುಕಿ, "ಮೂಗ? ಎಲ್ಲಾರಂಗ ಮಾರಿ ನಡುವ ಐತಿ ತಗೋ," ಎಂದಳು. ದಿನಾ ನೋಡುವ ಮುಖವನ್ನು ಯಾರೂ ನೋಡಿರುವುದಿಲ್ಲ. ಈ ಕೆಲಸಕ್ಕೆ ಸೇರಿದ ಮೊದಲ ತಿಂಗಳೇ ಕಲಿತ ಪಾಠ ಇದು.

ಹೊತ್ತು ಹೋಗುತ್ತಿತ್ತು. ನನಗೆ ಭಯವಾದಾಗ ನಾನು ಅವಸರದಲ್ಲಿ ಅಚ್ಚುಕಟ್ಟಾದ ಪದಗಳನ್ನು ಹುಡುಕುತ್ತೇನೆ. ಮುಖದ ಖಾನೆಯಲ್ಲಿ ಬರೆದೆ: ವೃದ್ಧ, ಗ್ರಾಮೀಣ, ರೈತ, ಸುಕ್ಕುಗಟ್ಟಿದ ಹಣೆ, ಬಿಳಿ ಮೀಸೆ, ರುಮಾಲು.

ಯಂತ್ರಕ್ಕೆ ಮೊದಲ ಪದ ಎಲ್ಲಕ್ಕಿಂತ ಭಾರ. ಆಮೇಲಿನವು ಒಂದಕ್ಕಿಂತ ಒಂದು ಹಗುರ. ಜೊತೆಗೆ ಪ್ರತಿ ಪದವೂ ತಾನು ಹಿಂದೆ ಕಂಡ ಸಾವಿರಾರು ಚಿತ್ರಗಳನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. 'ವೃದ್ಧ' ಎಂದು ಮೊದಲು ಬರೆದರೆ ನಾವು ಹೇಳದಿದ್ದರೂ ತೇವದ ಕಣ್ಣು, ಒಳಗೆ ಹೋದ ಗಲ್ಲ, ಸಂಜೆಯ ಬೆಳಕು ಎಲ್ಲ ಬಂದುಬಿಡುತ್ತವೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಬರೆದೆ. ಪರದೆಯ ಮೇಲೆ ಮೂಡಿದ ಮುದುಕ ಕ್ಯಾಲೆಂಡರಿನಲ್ಲಿ ಅಚ್ಚು ಹಾಕುವಷ್ಟು ಚೆನ್ನಾಗಿದ್ದ.

"ಇವರ ಹೌದೇನ್ ನೋಡ್ರಿ," ಎಂದು ಪರದೆಯನ್ನು ಫಕೀರವ್ವನ ಕಡೆ ತಿರುಗಿಸಿದೆ.

ಅವಳು ಸೆರಗು ಇನ್ನಷ್ಟು ಮುಂದೆಳೆದುಕೊಂಡು ತಲೆಯಾಡಿಸಿದಳು. ಚಿತ್ರ ಕಳಿಸಿದೆವು. ರಾತ್ರಿಯೆಲ್ಲ ಟಿಣ್, ಟಿಣ್.

ಮಂಗಳವಾರ ಬೆಳಿಗ್ಗೆ ಆರೂವರೆಗೆ ಅಡುಗೆಮನೆಯಲ್ಲಿ ಚಹಾಕ್ಕೆ ನೀರಿಟ್ಟು ನಿಂತಿದ್ದೆ. ನಿದ್ದೆಯಿಲ್ಲದೆ ಕಣ್ಣು ಉರಿಯುತ್ತಿತ್ತು. ನನ್ನ ಗಂಡ ಮುಕುಂದನಿಗೆ ರೈಲ್ವೆ ವರ್ಕ್‌ಶಾಪಿನಲ್ಲಿ ಆ ವಾರ ರಾತ್ರಿ ಪಾಳಿ. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿತು. ಬಾಗಿಲ ಹೊರಗೆ ಒಂದು ಚಪ್ಪಲಿ ಧಪ್ ಎಂದು ಬಿತ್ತು. ಎರಡನೆಯದನ್ನು ಸದ್ದಾಗದಂತೆ ಇಟ್ಟರು. ದಿನಾ ಹಾಗೆಯೇ. ಮೊದಲನೆಯದು ಬಿದ್ದ ಮೇಲೆ, ನಾನು ಮಲಗಿರಬಹುದು ಎಂದು ನೆನಪಾಗುತ್ತದೆ.

"ಒಂದ ಲೋಟ ಹೆಚ್ಚಿಗೆ ಇಡು," ಎಂದರು ಹೊರಗಿನಿಂದಲೇ.

"ಆಗಲೇ ಇಟ್ಟೇನಿ," ಎಂದೆ.

ಹಾಗೆ ಅಂದವಳು ಸೌಟು ಹಿಡಿದು ನಿಂತುಬಿಟ್ಟೆ. ಇಟ್ಟದ್ದು ಯಾವಾಗ? ಚಪ್ಪಲಿ ಬಿದ್ದಾಗ. ಅವರ ಮುಖ ಇನ್ನೂ ನೋಡಿಯೇ ಇಲ್ಲ.

ಅವರು ಒಳಗೆ ಬಂದ ಕೂಡಲೇ ಬೆನ್ನು ತಿರುಗಿಸಿ ಮನಸ್ಸಿನಲ್ಲೇ ಅವರ ಮುಖಕ್ಕೆ ಪದ ಹಾಕಲು ನೋಡಿದೆ. ಅಗಲ ಹಣೆ. ಕನ್ನಡಕ. ಆಮೇಲೆ? ಹದಿನಾಲ್ಕು ವರ್ಷದ ಸಂಸಾರ. ಮೂರನೆಯ ಪದ ಹೊಳೆಯಲಿಲ್ಲ.

"ನಿಮ್ಮ ಮೂಗು ಹೆಂಗೈತಿ?" ಎಂದು ಕೇಳಿದೆ.

"ನೆಗಡಿ ಇಲ್ಲ, ಆರಾಮೈತಿ," ಎಂದರು ಮುಕುಂದ. "ಯಾಕ, ರಾತ್ರಿಯೆಲ್ಲ ಮಲಗಿಲ್ಲೇನು? ನಿನ್ನ ಯಂತ್ರಕ್ಕ ಹುಚ್ಚು ಹಿಡಿಯೂದಕ್ಕಿಂತ ಮೊದಲ ನಿನಗ ಹಿಡಿತದ ನೋಡು."

ಚಹಾ ಸೋಸಿ ಕೊಟ್ಟು, ನಾನು ಕುಡಿಯದೆ, ಆಟೋ ಹಿಡಿದು ಕೇಂದ್ರಕ್ಕೆ ಬಂದೆ.

ಫಕೀರವ್ವ ರಾತ್ರಿ ಕೇಂದ್ರದ ವರಾಂಡದಲ್ಲೇ ಮಲಗಿದ್ದಳು. ಪಕ್ಕದಲ್ಲಿ ತಂಬಿಗೆ, ಅದರಲ್ಲಿ ನೀರು ತುಂಬಿಯೇ ಇತ್ತು. ಒಳಗೆ ಮೌಲಾಲಿ ತಲೆಗೆ ಕೈ ಹೊತ್ತು ಕೂತಿದ್ದ. ಲೆಕ್ಕ ಅರವತ್ತೊಂದಕ್ಕೆ ಮುಟ್ಟಿತ್ತು. ಅವರಲ್ಲಿ ಏಳು ಜನರನ್ನು ಪೊಲೀಸರು ನಿಲ್ಲಿಸಿ ವಿಚಾರಿಸಿದ್ದರು. ಲಕ್ಷ್ಮೇಶ್ವರದ ಒಬ್ಬ ಅಜ್ಜ ನಮ್ಮ ನಂಬರಿಗೇ ಫೋನು ಮಾಡಿ ಬೈದಿದ್ದನಂತೆ.

"ಏನಂದಾ ಗೊತ್ತೇನ್ರಿ ಅಕ್ಕಾರ?" ಎಂದ ಮೌಲಾಲಿ. "'ಎಪ್ಪತ್ತೆರಡ ವರ್ಷ ಈ ಮಾರಿ ಹೊತ್ಕೊಂಡ ತಿರಗೇನಿ. ಇವತ್ತ ನೀವು ಬಂದು ಇದು ಇನ್ಯಾರದೋ ಅಂತೀರಲ್ಲ, ಹಂಗಾರ ನಂದ ಎಲ್ಲೈತಿ ಹುಡುಕಿ ಕೊಡ್ರಿ' ಅಂದ."

ಫಕೀರವ್ವನನ್ನು ಒಳಗೆ ಕರೆದು ಪರದೆಯ ಮುಂದೆ ಕೂಡಿಸಿದೆ.

"ಫಕೀರವ್ವ, ನಿನ್ನೆ ಈ ಚಿತ್ರಾ ನೋಡಿ ಹೌದು ಅಂದ್ರೆಲ್ಲ. ಇನ್ನೊಮ್ಮೆ ನೋಡ್ರಿ. ಯಾವುದು ಹೊಂದತದ, ಯಾವುದು ಹೊಂದಂಗಿಲ್ಲ?"

ಅವಳ ಸೆರಗು ಮುಂದೆ ಸರಿಯಿತು. ಗದ್ದ ಎದೆಗೆ ಹತ್ತಿತು. ಕಣ್ಣು ನೆಲದ ಮೇಲೆ. ಆಗ ನನಗೆ ಗೊತ್ತಾಯಿತು.

"ನೀವು ನಿನ್ನೆ ಈ ಚಿತ್ರಾ ನೋಡೇ ಇಲ್ಲ," ಎಂದೆ.

"ಮಾವನೋರ ಮಾರಿ ಅಂದ್ರೆಲ್ರಿ," ಎಂದಳು ಸಣ್ಣ ದನಿಯಲ್ಲಿ. "ಚಿತ್ರಾ ಆದ್ರೇನು, ಮಾರಿ ಮಾರೀನ ಅಲ್ರಿ? ನೀವು ಓದಿದೋರು, ಸರಿಯಾಗೇ ಬರ್ದಿರ್ತೀರಿ ಅಂತ ಹೂಂ ಅಂದೆ."

ಕೋಪ ಬರಬೇಕಿತ್ತು. ಬರಲಿಲ್ಲ. ತಲೆಯಾಡಿಸುವವರ ಕಣ್ಣು ಎಲ್ಲಿದೆ ಎಂದು ನೋಡದೆ ಬಿಟ್ಟವಳು ನಾನು. ಆ ಒಂದು ತಲೆಯಾಟವನ್ನು ನಂಬಿ ಹದಿನೈದು ತಾಸು ಕಳೆದಿದ್ದೆ. ಅವಳ ಮಾವ ಎಲ್ಲೋ ಬಿಸಿಲಿನಲ್ಲಿ ಕೂತಿದ್ದಾರೆ, ಮುಂದೆ ತಂಬಿಗೆ ಇಡುವವರಿಲ್ಲ.

ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತೆ. "ಮಾರಿ ಬಿಟ್ಟಬಿಡ್ರಿ," ಎಂದೆ. "ಸಂಜಿಮುಂದ ಮಾವ ಹೊರಗಿಂದ ಬರ್ತಾರ. ನೀವು ತಲಿ ಎತ್ತಂಗಿಲ್ಲ. ಬಂದವರು ಅವರ ಅಂತ ನಿಮಗ ಹೆಂಗ ಗೊತ್ತಾಗತದ?"

"ಕಾಲ ನೋಡಿದ್ರ ಗೊತ್ತಾಗಂಗಿಲ್ಲೇನ್ರಿ?" ಎಂದಳು, ಇಂಥ ಪ್ರಶ್ನೆಯನ್ನೂ ಕೇಳುತ್ತಾರೆಯೇ ಎನ್ನುವ ಹಾಗೆ. "ಬಾಗಲದಾಗ ಕಾಲಿಗೆ ನೀರ ಕೊಡಾಕಿ ನಾನ ಅಲ್ರಿ. ದಿನಾ ನೋಡ್ತೇನಿ."

ಮೌಲಾಲಿ ಕುರ್ಚಿಯನ್ನು ಪೂರ್ತಿ ತಿರುಗಿಸಿದ.

ಅವಳು ಹೇಳತೊಡಗಿದಳು. ನಿನ್ನೆ ಒಂದೊಂದು ಮಾತಿಗೂ ತಡವರಿಸಿದ ಹೆಂಗಸು ಇವಳೇ ಎಂದು ನಂಬಲಾಗಲಿಲ್ಲ. ಬಲಗಾಲಿನ ಕಿರುಬೆರಳು ಉಳಿದವುಗಳಿಂದ ದೂರ ಸರಿದು ನಿಲ್ಲುತ್ತದೆ, ನೆಲಕ್ಕೆ ತಾಗುವುದಿಲ್ಲ. ಎಡಗಾಲಿನ ಹೆಬ್ಬೆರಳ ಉಗುರು ಚಕ್ಕಡಿಯ ಗಾಲಿ ಹಾಯ್ದು ಕಪ್ಪಾಗಿ, ಕೊಂಬಿನ ಹಾಗೆ ದಪ್ಪವಾಗಿದೆ. ಬಲ ಪಾದದ ಮೇಲೆ, ಹುಣಸೆಬೀಜದಷ್ಟು ದೊಡ್ಡ ಸುಟ್ಟ ಕಲೆ. ಚಪ್ಪಲಿಯ ಉಂಗುಟ ಕೂತಲ್ಲಿ ಚರ್ಮ ಬಿಳಿಚಿದೆ. ಮೆಟ್ಟಿಲು ಹತ್ತುವಾಗ ಎಡಗಾಲು ಮೊದಲು, ಬಲಗಾಲು ಅಡ್ಡಡ್ಡ, ಆಮೇಲೆ ಎರಡೂ ಕಾಲು ಕೂಡಿಸಿ ಒಂದು ಕ್ಷಣ ನಿಲ್ಲುತ್ತಾರೆ. ಆಗ ಎಡಗೈ ಧೋತರದ ಅಂಚನ್ನು ಎತ್ತಿ ಹಿಡಿದಿರುತ್ತದೆ.

"ಹಿಮ್ಮಡ ಒಡದಾವ್ರಿ, ಬ್ಯಾಸಿಗ್ಯಾಗ ಬತ್ತಿದ ಕೆರಿಯಂಗ."

ಅಷ್ಟು ಚೆಂದದ ಮಾತನ್ನು ಬಿಡಲು ಮನಸ್ಸಾಗದೆ ಅದನ್ನೇ ಬರೆದೆ. ಯಂತ್ರ ಬತ್ತಿದ ಕೆರೆಯೊಂದನ್ನು ಬರೆದು ಅದರ ನಡುವೆ ಎರಡು ಪಾದಗಳನ್ನು ನಿಲ್ಲಿಸಿತು. ಮೌಲಾಲಿಗೆ ನಗೆ ತಡೆಯಲಾಗಲಿಲ್ಲ. "ಇದರಾಗ ಮೀನ ಹಿಡೀಬೇಕೇನ್ರಿ ಅಕ್ಕಾರ?" ಎಂದ.

ಉಪಮೆ ಯಂತ್ರಕ್ಕೆ ತಿಳಿಯುವುದಿಲ್ಲ. ಕಣ್ಣಿಗೆ ಕಾಣುವುದನ್ನಷ್ಟೇ, ಒಂದೊಂದಾಗಿ, ಬಿಡಿಸಿ ಕೊಡಬೇಕು. ಕೆರೆ ತೆಗೆದು 'ಒಡೆದ ಹಿಮ್ಮಡಿ' ಎಂದು ಬರೆದೆ. ಗುಲಾಬಿ ಬಣ್ಣದ, ನುಣ್ಣಗಿನ, ಮುಲಾಮಿನ ಜಾಹೀರಾತಿನ ಕಾಲು ಬಂತು. ಈ ಸಲ ಫಕೀರವ್ವ ಮುಖ ಎತ್ತಿ ಪರದೆಯನ್ನು ನೇರವಾಗಿ ನೋಡಿದಳು. ಪಾದ ನೋಡಲು ಅವಳಿಗೆ ಯಾವ ಸಂಕೋಚವೂ ಇರಲಿಲ್ಲ.

"ಇವು ಗಾದಿ ಮ್ಯಾಲ ಕುಂತವರ ಕಾಲ್ರಿ," ಎಂದಳು. "ನಮ್ಮ ಮಾವನೋರ ಕಾಲು ಎರಿಮಣ್ಣಾಗ ಎಪ್ಪತ್ತ ವರ್ಷ ಅಡ್ಡಾಡ್ಯಾವ. ತೊಳದ್ರೂ ಬಿರಕಿನಾಗಿನ ಮಣ್ಣ ಹೋಗಂಗಿಲ್ಲ."

ಬರೆದೆ: ಬೂದುಗಪ್ಪು ಚರ್ಮ, ಆಳದ ಸಣ್ಣ ಬಿರುಕು, ಬಿರುಕಿನೊಳಗೆ ಕರಿಮಣ್ಣು. ಬೇಡದ ಪದಗಳ ಸಾಲಿನಲ್ಲಿ: ಗುಲಾಬಿ, ನುಣುಪು, ಹೊಳಪು. ಕಿರುಬೆರಳನ್ನು ಎಲ್ಲಕ್ಕಿಂತ ಮುಂದೆ ತಂದೆ, ಅದಕ್ಕೆ ಹೆಚ್ಚು ಭಾರ ಸಿಗಲಿ ಎಂದು. 'ದೂರ ಸರಿದ' ಎಂದರೆ ಯಂತ್ರ ಬೆರಳನ್ನೇ ಕಿತ್ತು ಪಕ್ಕಕ್ಕಿಟ್ಟಿತು. 'ಹೊರಬಾಗಿದ' ಎಂದೆ. ಸರಿಯಾಯಿತು. ಒಂದೊಂದು ಪದಕ್ಕೂ ಫಕೀರವ್ವ ಹೂಂ, ಊಹೂಂ ಅನ್ನುತ್ತ ಹೋದಳು. ಉಗುರು ಇನ್ನೂ ದಪ್ಪ. ಕಲೆ ಇನ್ನೂ ಈಚೆಗೆ. ಅಷ್ಟೊಂದು ಕರ್ರಗಲ್ಲ. ಇಷ್ಟು ನಿಖರವಾಗಿ ನೋಡಿದ ಸಾಕ್ಷಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಹದಿನೇಳನೆಯ ಚಿತ್ರಕ್ಕೆ ಅವಳ ಕೈ ತಾನಾಗಿ ತಂಬಿಗೆಯ ಕಡೆ ಹೋಯಿತು. ನಾನು ಕೇಳುವ ಮೊದಲೇ, "ಇವ ಕಾಲ್ರಿ," ಎಂದಳು.

ಆದರೆ ಚಿತ್ರ ಕಳಿಸಲು ಹೋದರೆ ಯಂತ್ರ ಒಪ್ಪಲಿಲ್ಲ. ಮುಖದ ಖಾನೆ ಖಾಲಿ ಬಿಡುವಂತಿಲ್ಲ ಎಂದು ಕೆಂಪಕ್ಷರದಲ್ಲಿ ಹೇಳಿತು. ಅರ್ಜಿಯ ನಮೂನೆ ರೂಪಿಸಿದವರಿಗೆ ಮನುಷ್ಯನೆಂದರೆ ಮೊದಲು ಮುಖ. ಏನಾದರೂ ಬರೆದರೆ ಮತ್ತೆ ಅರವತ್ತೊಂದು ಅಜ್ಜಂದಿರು. ಮೌಲಾಲಿ ಚುಕ್ಕೆ ಹಾಕಿ ನೋಡಿದ, ಅಡ್ಡಗೆರೆ ಹಾಕಿ ನೋಡಿದ. ಕೆಂಪಕ್ಷರ ಹೋಗಲಿಲ್ಲ.

ಆಗ ಫಕೀರವ್ವ ಹೇಳಿದ್ದು ನೆನಪಾಯಿತು. ಮುಖದ ಖಾನೆಯಲ್ಲಿ ಬರೆದೆ: ಟವಲು ಹಿಡಿದು ಮರೆಮಾಡಿದ ಮುಖ.

ಯಂತ್ರ ಸುಮ್ಮನೆ ಒಪ್ಪಿಕೊಂಡಿತು. ಚಿತ್ರದ ಮೇಲ್ತುದಿಯಲ್ಲಿ ಒಂದು ಬಿಳಿ ಟವಲು, ಅದರ ಕೆಳಗೆ ಆ ಎರಡು ಪಾದಗಳು. ಹೇಳಿದ್ದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ.

"ಕಾಲು ನೋಡೂ ಕ್ಯಾಮೆರಾ ಎಲ್ಲಿ ತರೋಣ್ರಿ ಈಗ?" ಎಂದ ಮೌಲಾಲಿ. ಹೇಳಿ ಮುಗಿಸುವ ಮೊದಲೇ ಅವನಿಗೇ ಹೊಳೆಯಿತು. ಹೋದ ವರ್ಷದಿಂದ ಬಸ್ಸುಗಳ ಬಾಗಿಲ ಮೇಲೆ ಒಂದು ಸಣ್ಣ ಕ್ಯಾಮೆರಾ ಕೂಡಿಸಿದ್ದಾರೆ, ಎಷ್ಟು ಜನ ಹತ್ತಿದರು, ಎಷ್ಟು ಜನ ಇಳಿದರು ಎಂದು ಎಣಿಸುವುದಕ್ಕೆ. ಅದು ನೋಡುವುದು ಮೆಟ್ಟಿಲನ್ನು ಮಾತ್ರ, ಮೇಲಿನಿಂದ ಕೆಳಕ್ಕೆ. ಎರಡು ದಿನ ಇಟ್ಟುಕೊಂಡು ಅಳಿಸಿಹಾಕುತ್ತದೆ. ಯಾರನ್ನಾದರೂ ಹುಡುಕಲು ಅದನ್ನು ಈವರೆಗೆ ಬಳಸಿರಲಿಲ್ಲ. ಅದರಲ್ಲಿ ಮುಖವೇ ಇಲ್ಲವಲ್ಲ.

ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತ ಸೊಸೆಗೆ ಜಗತ್ತು ಹೇಗೆ ಕಾಣುತ್ತದೋ ಆ ಕ್ಯಾಮೆರಾಕ್ಕೂ ಹಾಗೆಯೇ ಕಾಣುತ್ತದೆ ಎಂದು ನಾನು ಯೋಚಿಸಿದೆ. ಕೋನದ ಖಾನೆಯಲ್ಲಿ 'ಮುಂದಿನಿಂದ, ಮೇಲಿಂದ ಕೆಳಕ್ಕೆ' ಎಂದು ಸೇರಿಸಿದೆ.

ಒಪ್ಪಿಗೆ ಪಡೆಯಲು ಮೌಲಾಲಿ ಡಿಪೊಗೆ ಫೋನು ಮಾಡುತ್ತಲೇ ಇದ್ದ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಇನ್ನೊಬ್ಬರು ಊಟಕ್ಕೆ ಹೋಗಿದ್ದರು. ಎರಡೂವರೆಗೆ ಒಪ್ಪಿಗೆ ಬಂತು. ಹಿಂದಿನ ದಿನ ಮಧ್ಯಾಹ್ನ ನಿಲ್ದಾಣ ಬಿಟ್ಟ ಬಸ್ಸುಗಳ ಮೆಟ್ಟಿಲುಗಳಲ್ಲಿ ಸಾವಿರಾರು ಪಾದ. ಬೂಟು, ಹವಾಯಿ ಚಪ್ಪಲಿ, ಕಾಲುಂಗುರ, ಶಾಲೆಯ ಸಾಕ್ಸು. ಯಂತ್ರ ಒಂದೊಂದನ್ನೂ ನನ್ನ ಹನ್ನೆರಡು ಪದಗಳಿಗೆ ಹಿಡಿದು ನೋಡುತ್ತ ಹೋಯಿತು. ಹೊರಗಿನ ಬಿಸಿಲು ಕಿಟಕಿಯ ಗಾಜನ್ನು ಮುಟ್ಟಲಾಗದಷ್ಟು ಕಾಯಿಸಿತ್ತು. ನಾನು ಹತ್ತು ನಿಮಿಷಕ್ಕೊಮ್ಮೆ ಬಾಗಿಲವರೆಗೆ ಹೋಗಿ ಬರುತ್ತಿದ್ದೆ. ಫಕೀರವ್ವ ತಂಬಿಗೆಯ ನೀರು ಚೆಲ್ಲಿ ಹೊಸ ನೀರು ತುಂಬಿದಳು. ಅವಳು ಮಾತ್ರ ಬೆಳಗಿನಿಂದ ಗುಟುಕು ನೀರು ಕುಡಿದದ್ದನ್ನು ನಾನು ನೋಡಲಿಲ್ಲ.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಟಿಣ್.

ಒಂದೇ ಸಲ. ಆಮೇಲೆ ಸುಮ್ಮನಾಯಿತು.

ಮೂವರೂ ಪರದೆಗೆ ಬಾಗಿದೆವು. ಬಸ್ಸಿನ ಮೆಟ್ಟಿಲ ಮೇಲೆ ಒಂದು ಎಡಗಾಲು ಬಂತು. ಬಲಗಾಲು ಅಡ್ಡಡ್ಡ ಬಂತು. ಎರಡೂ ಕೂಡಿ ಒಂದು ಕ್ಷಣ ನಿಂತವು. ಎಡಗೈಯೊಂದು ಧೋತರದ ಅಂಚನ್ನು ಎತ್ತಿ ಹಿಡಿದಿತ್ತು. ಬಲಗಾಲಿನ ಕಿರುಬೆರಳು ನೆಲಕ್ಕೆ ತಾಗದೆ ಗಾಳಿಯಲ್ಲಿತ್ತು.

ಫಕೀರವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಕುಂದಗೋಳದ ಕಡೆಯ ಬಸ್ಸು. ಅವರ ಊರಿಗೆ ತದ್ವಿರುದ್ಧ ದಿಕ್ಕು. ಕೊನೆಯ ಹಳ್ಳಿಯಲ್ಲಿ ಇದೇ ಪಾದಗಳು ಇಳಿದದ್ದೂ ಸಿಕ್ಕಿತು. ಅಲ್ಲಿಯ ಠಾಣೆಗೆ ಫೋನು ಮಾಡಿದೆವು. ಮುಕ್ಕಾಲು ತಾಸಿನಲ್ಲಿ ಉತ್ತರ ಬಂತು. ಅಜ್ಜ ಇದ್ದಾರೆ. ನಿಲ್ದಾಣದ ಹಿಂದಿನ ಬೇವಿನ ಮರದ ಕೆಳಗೆ ಕೂತಿದ್ದರು. ಹೋಟೆಲಿನವನು ಎರಡು ಸಲ ಕೈಯಲ್ಲಿ ನೀರು ಕೊಡಲು ಬಂದರೆ ಮುಖ ತಿರುಗಿಸಿದ್ದರಂತೆ. ಬೆಳಿಗ್ಗೆ ದನದ ತೊಟ್ಟಿಯಲ್ಲಿ ಕೈಯದ್ದಿ ಕುಡಿದದ್ದನ್ನು ಯಾರೋ ನೋಡಿದ್ದರು. ತೊಟ್ಟಿಯ ನೀರನ್ನು ಯಾರೂ ಕೈಯಲ್ಲಿ ಕೊಡುವುದಿಲ್ಲ. ಅದು ಸುಮ್ಮನೆ ಮುಂದೆ ಇರುತ್ತದೆ.

ಸಂಜೆ ಏಳಕ್ಕೆ ಇಬ್ಬರು ಪೇದೆಗಳು ಅವರನ್ನು ಕರೆತಂದು, ರಸೀದಿಗೆ ನನ್ನ ಸಹಿ ಪಡೆದು ಹೋದರು. ಹಳ್ಳಿಯ ಡಾಕ್ಟರು ನೋಡಿ, ನಿಶ್ಶಕ್ತಿ ಬಿಟ್ಟರೆ ಬೇರೇನೂ ಇಲ್ಲ ಎಂದಿದ್ದರು. ಸಣಕಲು ಮನುಷ್ಯ. ಮೀಸೆಯೇ ಇರಲಿಲ್ಲ! ಪ್ಲಾಸ್ಟಿಕ್ ಕುರ್ಚಿಯಲ್ಲಿ ಟವಲು ಹಿಡಿದು ಕೂತರು. ಮೌಲಾಲಿ ಎಳನೀರು ತರಲು ಓಡಿದ. ಕೋಣೆಯಲ್ಲಿ ಉಳಿದದ್ದು ನಾವು ಮೂವರು.

ಮುಕ್ತಾಯದ ಅರ್ಜಿ ತುಂಬಬೇಕಿತ್ತು. ಅದರಲ್ಲಿ ಎರಡು ಪ್ರಶ್ನೆ ಮುಖ್ಯ. ಸಿಕ್ಕವರ ಮುಖ ನೋಡಿ ಮನೆಯವರು ಗುರುತಿಸಬೇಕು. ಮನೆಯವರ ಮುಖ ನೋಡಿ ಸಿಕ್ಕವರು ಗುರುತಿಸಬೇಕು. ಮರೆವಿನವರು ತಪ್ಪು ಮನೆಗೆ ಹೋಗಬಾರದೆಂದು ಮಾಡಿದ ನಿಯಮ. ಒಳ್ಳೆಯ ನಿಯಮವೇ. ಎರಡರಲ್ಲಿ ಒಂದಕ್ಕೆ 'ಇಲ್ಲ' ಎಂದು ಬಿದ್ದರೂ ಅವರನ್ನು ಆಶ್ರಯಧಾಮಕ್ಕೆ ಕಳಿಸಬೇಕು. ಕಾಗದಪತ್ರಗಳ ತನಿಖೆ ಮುಗಿಯುವವರೆಗೆ, ಹದಿನೈದು ದಿನವೋ ತಿಂಗಳೋ. ಅಲ್ಲಿ ನೀರನ್ನು ಲೋಟದಲ್ಲಿ ಕೈಗೇ ಕೊಡುತ್ತಾರೆ.

"ಫಕೀರವ್ವ, ಒಮ್ಮೆ ನೋಡಬೇಕಾಗತದ," ಎಂದೆ.

ಅವಳು ಕೈಯಲ್ಲಿದ್ದ ತಂಬಿಗೆಯನ್ನು ಮೂಲೆಗಿಟ್ಟಳು. ಆಮೇಲೆ ಸೆರಗನ್ನು ಎರಡು ಬೆರಳಿನಿಂದ ಹಿಂದೆ ಸರಿಸಿ, ತಲೆ ಎತ್ತಿ, ಇಪ್ಪತ್ತಮೂರು ವರ್ಷದಲ್ಲಿ ಮೊದಲ ಸಲ ಮಾವನ ಮುಖ ನೋಡಿದಳು. ನೋಡಿ ಏನನ್ನಿಸಿತೋ. ಮರುಕ್ಷಣ ಕಣ್ಣು ಪಾದಕ್ಕಿಳಿಯಿತು. "ಹೌದ್ರಿ," ಎಂದಳು.

ನಾನು ಬಾಳಪ್ಪನವರ ಕಡೆ ತಿರುಗಿದೆ. "ಅಜ್ಜಾರ, ಇವರು ಯಾರು ಹೇಳ್ರಿ. ಮಾರಿ ನೋಡಿ ಹೇಳ್ರಿ."

ಅವರು ನೋಡಿದರು. ಮಂಜು ಮಂಜಾದ, ಮರ್ಯಾದೆಯ ನೋಟ. ಎದುರಿಗಿದ್ದ ಮುಖದಲ್ಲಿ ಏನನ್ನೋ ಹುಡುಕಿ ಸಿಗದೆ ಹಿಂದಕ್ಕೆ ಬಂತು.

"ಯಾರೋ ಚೊಲೋ ಮನೀ ಹೆಣಮಗಳು ಕಾಣತಾಳ," ಎಂದರು. "ನನಗ ಗುರ್ತ ಇಲ್ಲವಾ."

ನನ್ನ ಬೆರಳು ಅರ್ಜಿಯ ಮೇಲೆ ನಿಂತಿತು. 'ಹೌದು', 'ಇಲ್ಲ'. ಇದು ಅವರ ಮರೆವೋ, ಅಥವಾ ಅವರೂ ಇಪ್ಪತ್ತಮೂರು ವರ್ಷ ಈ ಮುಖವನ್ನು ನೋಡಿಯೇ ಇರಲಿಲ್ಲವೋ? ಸೊಸೆ ಮಾವನನ್ನು ನೋಡಬಾರದೆಂದರೆ ಮಾವನೂ ಸೊಸೆಯನ್ನು ನೋಡುವಂತಿಲ್ಲ. ನನಗೆ ಅದು ಆವರೆಗೆ ಹೊಳೆದಿರಲಿಲ್ಲ.

ಫಕೀರವ್ವ ಅಳಲಿಲ್ಲ. ನನ್ನ ಜೊತೆ ವಾದವನ್ನೂ ಮಾಡಲಿಲ್ಲ. ಸೆರಗನ್ನು ಮತ್ತೆ ಮುಂದೆಳೆದುಕೊಂಡಳು. ಮೂಲೆಯಲ್ಲಿದ್ದ ತಂಬಿಗೆಯನ್ನು ತಂದು ಅವರ ಪಾದದ ಮುಂದೆ, ಸರಿಯಾಗಿ ಒಂದು ಗೇಣು ದೂರದಲ್ಲಿ, ನೆಲದ ಮೇಲಿಟ್ಟಳು. ಟಣ್ ಎಂದು ಸಣ್ಣ ಸದ್ದಾಯಿತು. ಎರಡು ಹೆಜ್ಜೆ ಹಿಂದೆ ಸರಿದು ಗೋಡೆಯ ಕಡೆ ಓರೆಯಾಗಿ ನಿಂತಳು.

ಬಾಳಪ್ಪನವರ ಬೆನ್ನು ನೆಟ್ಟಗಾಯಿತು. ಎಡಗೈ ಧೋತರದ ಅಂಚನ್ನು ಎತ್ತಿತು.

"ಫಕೀರವ್ವ," ಎಂದರು ನೆಲ ನೋಡುತ್ತ. ದನಿಯಲ್ಲಿ ಮನೆಯ ಯಜಮಾನಿಕೆ ಬಂದಿತ್ತು. "ಯಾಕವಾ ಇಷ್ಟ ತಡಾ ಮಾಡಿದಿ? ಎಲ್ಲಿ ಕಳದ ಹೋಗಿದ್ದಿ?"

"ಎಲ್ಲೂ ಇಲ್ರಿ," ಎಂದಳು ಫಕೀರವ್ವ ಗೋಡೆಗೆ. "ನಾ ಇಲ್ಲೇ ಅದೀನ್ರಿ."

ಅವರು ಬಾಗಿ ತಂಬಿಗೆ ಎತ್ತಿ ಕಾಲ ಮೇಲೆ ನೀರು ಸುರಿದುಕೊಂಡರು. ನೀರು ಯಂತ್ರದ ಕಡೆ ಹರಿಯಿತು. ನಾನು ಓಡಿ ವೈರುಗಳನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡು ನಿಂತೆ. ಉಳಿದ ನೀರನ್ನು ಅವರು ಎತ್ತಿ ಕುಡಿದರು, ಗಟಗಟ, ಕೊನೆಯ ಹನಿಯವರೆಗೆ.

ಮೌಲಾಲಿ ಎಳನೀರಿನೊಂದಿಗೆ ಬಂದಾಗ ನಾನು ನೆಲ ಒರೆಸುತ್ತಿದ್ದೆ. "ಅಜ್ಜ ಗುರ್ತ ಹಿಡಿದ್ರೇನ್ರಿ ಅಕ್ಕಾರ?" ಎಂದ.

"ಹಿಡಿದ್ರು," ಎಂದೆ.

ಅರ್ಜಿಯ ಪ್ರಶ್ನೆಯನ್ನು ಮತ್ತೊಮ್ಮೆ ಓದಿದೆ. 'ಮನೆಯವರ ಮುಖವನ್ನು ನೋಡಿ ಗುರುತಿಸಿದರೇ?' ಮೂರು ವರ್ಷದಲ್ಲಿ ಈ ಯಂತ್ರಕ್ಕೆ ತಿಳಿದೂ ತಿಳಿದೂ ಒಂದು ಸುಳ್ಳು ಪದ ಕೊಟ್ಟವಳಲ್ಲ ನಾನು. 'ಹೌದು' ಒತ್ತಿದೆ. ತಪ್ಪು ಅನ್ನಿಸಲಿಲ್ಲ. ಅದೇ ನನಗೆ ಆಶ್ಚರ್ಯ.

ರಾತ್ರಿಯ ಬಸ್ಸಿಗೆ ಅವರನ್ನು ಹತ್ತಿಸಿದೆವು. ಮೊದಲು ಎಡಗಾಲು, ಆಮೇಲೆ ಅಡ್ಡಡ್ಡ ಬಲಗಾಲು. ಮಾವ ಹತ್ತಿ ಕೂತ ಮೇಲೆ ಫಕೀರವ್ವ ಮೆಟ್ಟಿಲಿನಿಂದ ಬಾಗಿ ನನ್ನ ಕಿವಿಯ ಹತ್ತಿರ, "ನಾ ಮಾರಿ ನೋಡಿದ್ದು ಯಾರ ಮುಂದೂ ಹೇಳಬ್ಯಾಡ್ರಿ," ಎಂದಳು.

"ಇಲ್ಲ," ಎಂದೆ. "ನಾನೂ ನಿಮ್ಮ ಹಂಗ ತಲಿ ಬಗ್ಗಿಸಿ ನಿಂತಿದ್ದೆ. ಏನೂ ನೋಡಿಲ್ಲ."

ಸೆರಗಿನೊಳಗೆ ಅವಳು ನಕ್ಕಿರಬೇಕು. ಸೆರಗು ಅಲ್ಲಾಡಿತು.

ಮನೆಗೆ ಬಂದಾಗ ಮುಕುಂದ ಪಾಳಿಗೆ ಹೊರಟು ಬಾಗಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ಸಿಕ್ಕರೇನು ನಿಮ್ಮ ಅಜ್ಜ?" ಎಂದರು.

"ಸಿಕ್ಕರು."

"ಹೆಂಗ?"

ಹೇಳುವುದು ಬಹಳ ಇತ್ತು. ಹೇಳತೊಡಗಿದರೆ ಅರ್ಜಿಯ ಕೊನೆಯ ಪ್ರಶ್ನೆಯವರೆಗೆ ಹೋಗದೆ ನಿಲ್ಲಲಾರೆ ಎಂದು ನನಗೆ ಗೊತ್ತಿತ್ತು. ಆ ತಂಬಿಗೆಯ ಸದ್ದಿಗೆ ನನ್ನಲ್ಲಿದ್ದ ಯಾವ ಪದವೂ ಸರಿಹೊಂದುತ್ತಿರಲಿಲ್ಲ. ಇವರಿಗಾಗಲಿ, ಮೌಲಾಲಿಗಾಗಲಿ, ಮೇಲಿನವರಿಗಾಗಲಿ ಹೇಳುವುದಿಲ್ಲ ಎಂದು ಅಲ್ಲೇ, ಹೊಸ್ತಿಲಲ್ಲೇ ತೀರ್ಮಾನ ಮಾಡಿದೆ.

"ಕ್ಯಾಮೆರಾದಾಗ ಸಿಕ್ಕರು," ಎಂದೆ. ಹಾಗೆ ಹೇಳುತ್ತ ಅವರ ಮುಖವನ್ನು ಸರಿಯಾಗಿ ನೋಡಿದೆ. ಮೂಗು ತುಸು ಎಡಕ್ಕೆ ವಾಲಿತ್ತು. ಹದಿನಾಲ್ಕು ವರ್ಷದಿಂದ ಹಾಗೆಯೇ ಇದ್ದಿರಬೇಕು.